ಅವ್ವ ನೋಡುತ್ತಿದ್ದ ಕಾಟಾ

ನನ್ನ ಟೇಬಲ್ ಮೇಲೆ, ಬ್ರಶ್ಶುಗಳನ್ನು ನಿಲ್ಲಿಸುವ ಡಬ್ಬಿಯ ಪಕ್ಕದಲ್ಲಿ, ಹೆಬ್ಬೆರಳಿನ ಗಾತ್ರದ ಒಂದು ಬಿಳಿ ಹಲ್ಲುಚಕ್ರ ಕೂತಿದೆ. ಮನೆಗೆ ಬಂದವರು ನೀರು ಕುಡಿದು, ಮಳೆಬೆಳೆ ಮಾತಾಡಿ, ಆಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಒಬ್ಬರು ಮಿಕ್ಸರಿನದು ಎಂದರು. ಇನ್ನೊಬ್ಬರು ಹೊಲಿಗೆ ಮಷಿನ್ನಿನದು ಎಂದು ಪಣ ಕಟ್ಟಿದರು. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದವನು ಅದನ್ನೂ ನನ್ನ ಬಾಯನ್ನೂ ಒಂದೊಂದು ಸಲ ನೋಡಿ, ಹಲ್ಲಿನ ಡಾಕ್ಟರರ ಹತ್ತಿರ ಹೋಗಿದ್ದಿರೇನು ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಅದು ನಮ್ಮ ಕಾರಿನದು. ಒಂದೇ ಒಂದು ದಿನ ಕೆಲಸ ಮಾಡಿತು, ಆ ದಿನವಿಡೀ ಸುಳ್ಳು ಹೇಳಿತು. ನಾನೂ ಅದರ ಜೊತೆ ಸೇರಿಕೊಂಡು ಹೇಳಿದೆ. ಅದಕ್ಕೇ ಬಿಸಾಡಲು ಮನಸ್ಸಾಗಿಲ್ಲ.

ಕಾರು ಎಂದರೆ ಅಪ್ಪನ ಅಂಬಾಸಿಡರ್. ಅಪ್ಪ ವಾಡಿ ಸ್ಟೇಷನ್ ಮುಂದೆ ಟ್ಯಾಕ್ಸಿ ಓಡಿಸುತ್ತಿದ್ದ. ಮೊದಲು ಕಾರು ಮಾಲಕರದಾಗಿತ್ತು. ಕೊನೆಗೆ ಮಾಲಕರಿಗೆ ಬೇಜಾರಾಗಿ, ಕಾರಿಗೆ ವಯಸ್ಸಾಗಿ, ಅದು ಅಪ್ಪನಿಗೇ ಉಳಿಯಿತು. ಅಪ್ಪ ಹೋದ ಮೇಲೆ ನನ್ನ ಪಾಲಿಗೆ ಬಂತು. ನಾನು ಸೇಡಮ್ಮಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಕಾರಿನ ಚಿತ್ರ ತೆಗೆ ಎಂದರೆ ನಟ್ಟು ಬೋಲ್ಟು ಸಮೇತ ತೆಗೆದು ನೆರಳನ್ನೂ ಹಾಕಿಕೊಡುತ್ತೇನೆ. ಅದೇ ಕಾರು ದಾರಿಯಲ್ಲಿ ನಿಂತರೆ ಬಾನೆಟ್ ಎತ್ತಿ ಒಳಗೆ ನೋಡಿ, ಮತ್ತೆ ಮುಚ್ಚುತ್ತೇನೆ. ಯಂತ್ರದ ಬಗ್ಗೆ ನನಗಿರುವ ಜ್ಞಾನ ಅಷ್ಟೇ.

ಈ ಕಾರಿನಲ್ಲಿ ವೇಗ ತೋರಿಸುವ ಮೀಟರು ಡ್ರೈವರನ ಎದುರಿಗಿಲ್ಲ, ಸರೀ ನಡುವೆ ಇದೆ. ಪಕ್ಕದಲ್ಲಿ ಕೂತವರಿಗೂ ಅದರ ಮೇಲೆ ಅಷ್ಟೇ ಹಕ್ಕು. ನಮ್ಮ ಮನೆಯಲ್ಲಿ ಆ ಹಕ್ಕು ಅವ್ವನದು. ಮೀಟರಿನ ಮುಳ್ಳನ್ನು ನಾವು ಕಾಟಾ ಎನ್ನುತ್ತೇವೆ. ಗಡಿಯಾರದ ಮುಳ್ಳೂ ಕಾಟಾ, ತಕ್ಕಡಿಯ ಮುಳ್ಳೂ ಕಾಟಾ, ಲಾರಿಯನ್ನು ಇಡಿಯಾಗಿ ನಿಲ್ಲಿಸಿ ತೂಗುವ ಜಾಗವೂ ಕಾಟಾ. ವಾಡಿ, ಚಿತ್ತಾಪುರ, ಶಹಾಬಾದ್ ಕಡೆ ನೆಲಕ್ಕೆ ಹಾಸುವ ಫರ್ಸಿಕಲ್ಲು, ಸಿಮೆಂಟು ಹೊತ್ತ ಲಾರಿಗಳು ಓಡಾಡುವ ರಸ್ತೆಗಳಲ್ಲಿ ಹೆಜ್ಜೆಗೊಂದು ಕಾಟಾ. ನನ್ನ ಹೆಂಡತಿ ತುಮಕೂರು ಕಡೆಯವಳು. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಕಾರು ಹತ್ತಿಸಿಕೊಂಡು, ಕಾಟಾ ನೋಡಿಕೊಂಡು ಕೂತರೆ ಅಂಜಿಕೆ ಇಲ್ಲವೆಂದು ಹೇಳಿದ್ದಕ್ಕೆ, ಈ ಮನೆಯಲ್ಲಿ ಯಾರ ಕಾಟ ಎಂದು ಗಾಬರಿಯಾಗಿ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಅಪ್ಪನಿಗೆ ವಿಷಯ ತಿಳಿದ ಮೇಲೆ ಅದನ್ನು ಪ್ಯಾಸೆಂಜರುಗಳಿಗೆಲ್ಲ ಹೇಳಿದ.

ಅವ್ವ ಶಾಲೆಗೆ ಹೋದವಳಲ್ಲ. ಅಂಕಿಗಳನ್ನು ಅವಳು ಕಲಿತದ್ದು ಆ ಮೀಟರಿನಿಂದ. ಅದರಲ್ಲಿ ಇರುವುದೆಲ್ಲ ಹತ್ತು, ಇಪ್ಪತ್ತು, ಮೂವತ್ತು. ಹಾಗಾಗಿ ಅವಳ ಲೆಕ್ಕ ಇವತ್ತಿಗೂ ಹತ್ತು ಹತ್ತರ ಮೇಲೆ ನಡೆಯುತ್ತದೆ. ಇಪ್ಪತ್ತನಾಲ್ಕು ರೊಟ್ಟಿ ತಟ್ಟಿದರೆ ಇಪ್ಪತ್ತು, ಮೇಲೆ ಒಂದಿಷ್ಟು. ನನ್ನ ವಯಸ್ಸು ಯಾರಾದರೂ ಕೇಳಿದರೆ ಬಾಯಲ್ಲಿ ಹೇಳದೆ ಅಂಗೈಯನ್ನು ಓರೆ ಮಾಡಿ ತೋರಿಸುತ್ತಾಳೆ, ಐವತ್ತು ದಾಟಿ ಅರವತ್ತರ ಕಡೆ ವಾಲಿದೆ ಎಂಬಂತೆ.

ಕಾರಿನಲ್ಲಿ ಕೂತರೆ ಅವಳ ಮಡಿಲಲ್ಲಿ ಅರಳೆಯ ಉಂಡೆ ಇರಲೇಬೇಕು. ಬತ್ತಿ ಹೊಸೆಯುತ್ತಾಳೆ. ಹೊಸೆಯುತ್ತ ಹೊಸೆಯುತ್ತ ನಡುನಡುವೆ ಕೇಳುತ್ತಾಳೆ, "ಎಷ್ಟದ?" ಎಂದು. ಅಪ್ಪ ಕಾಟಾ ನೋಡಿ, "ನಲವತ್ತದ" ಎನ್ನುತ್ತಿದ್ದ. ಅವ್ವ ಹ್ಞೂಂಗುಟ್ಟಿ ಇನ್ನೊಂದು ಬತ್ತಿಗೆ ಕೈ ಹಾಕುತ್ತಿದ್ದಳು. ನಲವತ್ತರ ಮೇಲೆ ಹೋಗಬಾರದೆಂಬುದು ನಮ್ಮ ಮನೆಯ ಕಾಯಿದೆ. ಎದುರಿಗೇ ಇರುವ ಅಂಕಿಯನ್ನು ಓದಬಲ್ಲವಳು ಮತ್ತೆ ಯಾಕೆ ಕೇಳುತ್ತಾಳೆಂದು ಹುಡುಗನಾಗಿದ್ದಾಗ ನಾನೆಂದೂ ಯೋಚಿಸಲಿಲ್ಲ. ದೊಡ್ಡವನಾದ ಮೇಲೂ ಇಲ್ಲ.

ಯೋಚನೆ ನನಗೆ ತಡವಾಗಿಯೇ ಬರುತ್ತದೆ. ಅದಕ್ಕೊಂದು ಕಾರಣ ಇತ್ತು, ಅಥವಾ ಇತ್ತೆಂದು ನಾನು ತಿಳಿದಿದ್ದೆ. ಅವ್ವ ಚೊಚ್ಚಲ ಹೆರಿಗೆಗೆ ತವರೂರು ಆಡಕಿಗೆ ಹೋಗಿದ್ದಳು. ಬೇನೆ ಸುರುವಾದಾಗ ಅಪ್ಪ ಅಲ್ಲೇ ಇದ್ದ, ಕಾರೂ ಇತ್ತು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೇಡಂ ದವಾಖಾನೆಗೆ ಹೊರಟ. ಆಗಿನ ರಸ್ತೆ ಕೇಳಬೇಡಿ. ಬರೀ ಇಪ್ಪತ್ತರ ವೇಗದಲ್ಲಿ, ಹೂ ಹೊತ್ತ ಹಾಗೆ ಅವ್ವನನ್ನು ಹೊತ್ತು ತಂದನಂತೆ. ದವಾಖಾನೆಯ ಮುಂದೆ ಕಾರು ನಿಲ್ಲುವುದಕ್ಕೂ ನಾನು ಸೀಟಿನ ಮೇಲೆ ಬಂದು ಬೀಳುವುದಕ್ಕೂ ಸರಿಹೋಯಿತು. ಅಲ್ಲಿಂದ ನಾನು ಇಪ್ಪತ್ತರಲ್ಲಿ ಹುಟ್ಟಿದವನು. ಶಾಲೆಗೆ ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತಿದ್ದೆ, ಊಟಕ್ಕೆ ಕೂತರೆ ಪಂಕ್ತಿಯೆಲ್ಲ ಎದ್ದರೂ ನನ್ನ ಎಲೆಯಲ್ಲಿ ಅನ್ನ ಉಳಿದಿರುತ್ತಿತ್ತು, ಮದುವೆ ಆದದ್ದು ತಮ್ಮನ ಮದುವೆ ಆಗಿ ಎರಡು ವರ್ಷಕ್ಕೆ. ಬೋರ್ಡಿನ ಮೇಲೆ ಒಂದು ಮಾವಿನಹಣ್ಣು ಬರೆಯಲು ನನಗೆ ಒಂದು ಪೀರಿಯಡ್ ಸಾಲುವುದಿಲ್ಲ. ಯಾರಾದರೂ ಬೈದರೆ ಅವ್ವ ಅಡ್ಡ ಬಂದು, ಇಪ್ಪತ್ತರಲ್ಲಿ ಹುಟ್ಟಿದ್ದಾನೆ, ಬಿಡ್ರಿ ಎನ್ನುತ್ತಿದ್ದಳು. ನಾನೂ ಬಿಟ್ಟೆ. ಹುಟ್ಟಿನಿಂದಲೇ ಬಂದ ಗುಣಕ್ಕೆ ಯಾರೇನು ಮಾಡಲಾಗುತ್ತದೆ?

ಕಳೆದ ವರ್ಷ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ವಾಡಿಯ ಮೇಸ್ತ್ರಿ ಚಾಂದಪಾಶಾ ಅದನ್ನು ಬಿಚ್ಚಿ ನೋಡಿ, ಇದರ ಸಾಮಾನು ಇನ್ನು ಭೂಮಿಯ ಮೇಲೆ ಸಿಗುವುದಿಲ್ಲ ಎಂದ. ಈಚಿನ ಒಂದು ಅಂಬಾಸಿಡರಿನ ಐದು ಗೇರಿನ ಬಾಕ್ಸ್ ತಂದು ಕೂರಿಸಿದ. ಸ್ಟೇರಿಂಗ್ ಪಕ್ಕ ಇದ್ದ ಗೇರು ಕಾಲ ಹತ್ತಿರ ಇಳಿಯಿತು. ಗಾಡಿ ಬೆಣ್ಣೆಯ ಹಾಗೆ ಓಡತೊಡಗಿತು. ದಸರೆ ಸೂಟಿ ಬಿದ್ದಿತ್ತು. ಚಿಂಚೋಳಿ ಕಡೆ ಐನಾಪುರದಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ, ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮಲಗಿದ್ದಳು. ಅಕ್ಕನನ್ನು ನೋಡಬೇಕೆಂದು ಅವ್ವ ತಿಂಗಳಿಂದ ಹೇಳುತ್ತಿದ್ದಳು. ಅರಳೆ ಉಂಡೆ, ಅಕ್ಕನಿಗೆ ಒಯ್ಯುವ ಸೀರೆ, ಖಾರದ ಪುಡಿ ಎಲ್ಲ ಇಟ್ಟುಕೊಂಡು ಹೊರಟೆವು.

ಬಸ್‌ಸ್ಟ್ಯಾಂಡ್ ದಾಟಿದ್ದೇವೆ, ಅವ್ವ ಕೇಳಿದಳು. ನೋಡುತ್ತೇನೆ, ಕಾಟಾ ಸೊನ್ನೆಯ ಮೇಲೆ ಮಲಗಿದೆ. ವಾಡಿಯಿಂದ ಗಾಡಿ ತರುವಾಗ ಕೇಳುವವರಿರಲಿಲ್ಲ, ನಾನೂ ನೋಡಿರಲಿಲ್ಲ. ಗಾಜಿಗೆ ಬೆರಳಿನಿಂದ ಹೊಡೆದೆ. ನನಗೆ ಗೊತ್ತಿರುವ ರಿಪೇರಿ ಅದೊಂದೇ. ಅದು ಏಳಲಿಲ್ಲ. ಅವ್ವ ಅರಳೆಯನ್ನು ಚೀಲಕ್ಕೆ ತುಂಬಿಕೊಂಡು ಗಾಡಿ ತಿರುಗಿಸಲು ಹೇಳಿದಳು. ಕಾಟಾ ಬಿದ್ದ ಗಾಡಿಯಲ್ಲಿ ತಾನು ಕೂರುವುದಿಲ್ಲ. ಫೋನಿನಲ್ಲೂ ವೇಗ ಬರುತ್ತದೆ ಎಂದು ತೆಗೆದು ತೋರಿಸಿದೆ. ಅದು ನಿನ್ನ ಫೋನಿನದು, ಗಾಡಿಯದಲ್ಲ ಎಂದಳು. ಬಸ್ಸಿನಲ್ಲಿ ಅವಳಿಗೆ ವಾಂತಿ. ಬೇರೆಯವರ ಗಾಡಿ ಎಂದರೆ ಕೇಳಲೇಬೇಡಿ. ಮನೆಗೆ ಮರಳಿದೆವು.

ಚಾಂದಪಾಶಾನಿಗೆ ಫೋನ್ ಮಾಡಿದೆ. ಅವನ ಸುತ್ತ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕಾಟಾ ಬಿದ್ದಿದೆ, ಏಳುತ್ತಿಲ್ಲ, ಯಾರನ್ನಾದರೂ ಕಳಿಸು ಎಂದು ಕೂಗಿದೆ. ಅವನೂ ಕೂಗಿ ಆಯಿತೆಂದ. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಬಿಳಿ ಕೂದಲಿನ ಒಬ್ಬರು ಸ್ಕೂಟರಿನಿಂದ ಇಪ್ಪತ್ತು ಕಿಲೋದ ಎರಡು ಕಬ್ಬಿಣದ ತೂಕದ ಕಲ್ಲು ಇಳಿಸುತ್ತಿದ್ದರು. ಬೆವರು ಒರೆಸಿಕೊಂಡು, "ಕಾಟಾ ಎಲ್ಲದ್ರಿ, ಹಿತ್ತಲದಾಗ ಏನು?" ಎಂದರು. ಶಹಾಬಾದಿನ ಭೀಮಣ್ಣ. ಲಾರಿ ತೂಗುವ ಕಾಟಾ ರಿಪೇರಿ ಮಾಡುವುದು ಅವರ ಕಸುಬು. ಚಿತ್ತಾಪುರದಿಂದ ಚಿಂಚೋಳಿಯ ತನಕ ಯಾವ ಕಾಟಾ ಬಿದ್ದರೂ ಅವರನ್ನೇ ಕರೆಯುತ್ತಾರೆ. ಡ್ರಾಯಿಂಗ್ ಮಾಸ್ತರ ಯಾವಾಗ ಕಾಟಾ ಹಾಕಿದ ಎಂದು ಪಾಶಾನಿಗೂ ಅನುಮಾನ ಬಂದಿತ್ತಂತೆ, ಆದರೆ ನಿವೃತ್ತಿ ಹತ್ತಿರ ಬಂದಿದೆಯಲ್ಲ, ಏನೋ ಧಂದೆ ಸುರು ಮಾಡಿರಬೇಕು ಎಂದುಕೊಂಡನಂತೆ.

ನಾನು ನಾಚಿಕೊಂಡು ಕಾರು ತೋರಿಸಿದೆ. ಭೀಮಣ್ಣ ಬಹಳ ಹೊತ್ತು ನಕ್ಕರು. ಆಮೇಲೆ ಒಳಗೆ ಇಣುಕಿ ಮೀಟರನ್ನು ನೋಡಿದವರು ಹೋಗುವ ಮಾತೇ ತೆಗೆಯಲಿಲ್ಲ. ಈಗ ಎಲ್ಲ ಕಾಟಾಗಳೂ ಕೆಂಪು ಅಂಕಿಯ ಡಿಜಿಟಲ್. ಹೆಸರು ಉಳಿದಿದೆ, ಮುಳ್ಳು ಇಲ್ಲ. "ಮುಳ್ಳಿನ ಕಾಟಾ ಮುಟ್ಟಿ ಭಾಳ ದಿನ ಆಗಿತ್ರಿ ಸರ" ಎಂದು ಅಂಗಿಯ ತೋಳು ಮಡಿಚಿದರು. ಅವ್ವ ಚಹಾ ಕೊಟ್ಟು, ತಾನೂ ಬಾಗಿಲಲ್ಲಿ ಕೂತಳು.

ಅವರು ಮಾಡಿದ್ದನ್ನು ನೋಡಿ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಗೇರ್‌ಬಾಕ್ಸಿನಿಂದ ಮೀಟರಿನ ಬೆನ್ನಿನ ತನಕ ಒಂದು ಕೇಬಲ್ ಬರುತ್ತದೆ. ಗಾಡಿ ಓಡಿದಾಗ ಅದರ ಒಳಗಿನ ತಂತಿ ಸುತ್ತುತ್ತದೆ, ಸುತ್ತಿದಷ್ಟು ಕಾಟಾ ಏಳುತ್ತದೆ. ಭೀಮಣ್ಣ ಮೊದಲು ಮೀಟರಿನ ಕಡೆಯ ತುದಿ ಬಿಚ್ಚಿ, ಮೀಟರಿನ ಬೆನ್ನಿನ ತೂತಿಗೆ ಒಂದು ಕಡ್ಡಿ ಹಾಕಿ ಬೆರಳಿನಿಂದ ತಿರುಗಿಸಿದರು. ಕಾಟಾ ಚಂಗನೆ ಹತ್ತಕ್ಕೆ ಹಾರಿತು. ಬಾಗಿಲಲ್ಲಿದ್ದ ಅವ್ವನ ಮುಖ ಅರಳಿತು. ಅಂದರೆ ಮೀಟರಿಗೆ ರೋಗ ಇಲ್ಲ. ಆಮೇಲೆ ತಂತಿಯನ್ನು ಹೊರಗೆಳೆದು ಉದ್ದಕ್ಕೂ ಸವರಿ ನೋಡಿದರು, ಎಲ್ಲೂ ಕಡಿದಿರಲಿಲ್ಲ. ಅದನ್ನು ಮತ್ತೆ ಸೇರಿಸಿ, ಹಿಂದಿನ ಚಕ್ರ ಜಾಕಿನ ಮೇಲೆ ಎತ್ತಿ, ನನಗೆ ಚಕ್ರ ತಿರುಗಿಸಲು ಹೇಳಿ ತಾವು ಮೇಲಿನ ತುದಿ ಹಿಡಿದು ಕೂತರು. ನಾನು ಬೆವರು ಬರುವ ತನಕ ತಿರುಗಿಸಿದೆ. ತಂತಿ ಮಿಸುಕಲಿಲ್ಲ. ತಪ್ಪು ಕೆಳಗಿದೆ ಎಂದು ಭೀಮಣ್ಣ ತೀರ್ಪು ಕೊಟ್ಟರು.

ಮಧ್ಯಾಹ್ನ ಚಾಂದಪಾಶಾ ಬಂದು ಕಾರಿನ ಕೆಳಗೆ ಹೋದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದಲೇ ತೋಬಾ ತೋಬಾ ಎನ್ನುವುದು ಕೇಳಿತು. ಕೇಬಲ್ಲನ್ನು ಸುತ್ತಿಸುವ ಹಲ್ಲುಚಕ್ರವೇ ಆ ಬಾಕ್ಸಿನಲ್ಲಿ ಇರಲಿಲ್ಲ. ಎಣ್ಣೆ ಸೋರದಂತೆ ಯಾರೋ ಆ ಸಂದಿಗೆ ಕಟ್ಟಿಗೆಯ ತುಂಡು ಜಡಿದಿದ್ದರು. ಇವನು ಅದರ ಮೇಲೆಯೇ ಕೇಬಲ್ ಬಿಗಿದಿದ್ದ. ಹಳೆಯ ಬಾಕ್ಸ್ ಚಕ್ರದ ಸಮೇತ ಗುಜರಿಗೆ ಹೋಗಿತ್ತು. ಚಕ್ರ ಹುಡುಕಲು ಎರಡು ದಿನ ಬೇಕೆಂದ.

ಆ ಎರಡು ದಿನದ ಮಧ್ಯೆ ಐನಾಪುರದಿಂದ ಫೋನ್ ಬಂತು. ದೊಡ್ಡವ್ವ ಊಟ ಬಿಟ್ಟಿದ್ದಾಳೆ, ನೀರೂ ಗುಟುಕು ಗುಟುಕು. ಕಣ್ಣು ಬಿಟ್ಟಾಗೆಲ್ಲ ತಂಗಿ ಬಂದಳೇ ಎಂದು ಕೇಳುತ್ತಾಳೆ. ಅವ್ವನಿಗೆ ನಾನು ಪೂರ್ತಿ ಹೇಳಲಿಲ್ಲ. ಹೇಳದಿದ್ದರೂ ಅವಳು ನನ್ನ ಮುಖ ನೋಡಿಕೊಂಡೇ ಚೀಲಕ್ಕೆ ಇನ್ನೊಂದು ಜೊತೆ ಬಟ್ಟೆ ಹಾಕಿದಳು.

ಮೂರನೇ ದಿನ ಬೆಳಿಗ್ಗೆ ಪಾಶಾ ಈ ಬಿಳಿ ಚಕ್ರ ತಂದು ಹಾಕಿದ. ಕಾಟಾ ಎದ್ದಿತು. ಭೀಮಣ್ಣನವರೂ ಬಂದಿದ್ದರು, ಅವರಿಗೆ ಈ ಕಾಟಾದ ಮೇಲೆ ಜೀವ ಹತ್ತಿಬಿಟ್ಟಿತ್ತು. ನಾನೂ ಅವರೂ ಕುರಕುಂಟಾ ದಾರಿಯಲ್ಲಿ ಪರೀಕ್ಷೆಗೆ ಹೋದೆವು. ನಾನು ಕಾಟಾವನ್ನು ನಲವತ್ತರ ಮೇಲೆ ಹಿಡಿದೆ, ಅವರು ವಾಚು ಹಿಡಿದರು. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಒಂದೂವರೆ ನಿಮಿಷ ಆಗಬೇಕಿತ್ತು. ಒಂದೇ ನಿಮಿಷಕ್ಕೆ ಕಲ್ಲು ಬಂತು. ಮತ್ತೆ ನೋಡಿದೆವು, ಮತ್ತೆ ಒಂದೇ ನಿಮಿಷ. ಅಂದರೆ ಕಾಟಾ ನಲವತ್ತು ಎನ್ನುವಾಗ ನಾವು ಅರವತ್ತರಲ್ಲಿ ಇದ್ದೆವು. ಹೊಸ ಚಕ್ರದ ಹಲ್ಲು ನಮ್ಮ ಹಳೆಯ ಮೀಟರಿಗೆ ಬೇಕಾದ್ದಕ್ಕಿಂತ ಹೆಚ್ಚಿದ್ದವು, ಅದಕ್ಕೇ ತಂತಿ ಮೆಲ್ಲಗೆ ಸುತ್ತುತ್ತಿತ್ತು. ನನ್ನ ಜನ್ಮದಲ್ಲಿ ನಾನು ಅರವತ್ತರಲ್ಲಿ ಓಡಿಸಿದ್ದು ಅದೇ ಮೊದಲು.

ಸರಿಯಾದ ಚಕ್ರಕ್ಕೆ ಇನ್ನೂ ಎರಡು ದಿನ ಬೇಕು. ದೊಡ್ಡವ್ವನಿಗೆ ಅಷ್ಟು ದಿನ ಇವೆಯೋ ಇಲ್ಲವೋ. ಕಾರು ನಿಲ್ಲಿಸಿ ನನಗೆ ನಾನೇ ಹೇಳಿಕೊಳ್ಳುವವನಂತೆ, ಅವ್ವನಿಗೆ ತಿಳಿಸುವುದು ಬೇಡ ಎಂದೆ. ಕಾಟಾ ನಲವತ್ತು ತೋರಿಸಲಿ, ನಾವು ಅರವತ್ತರಲ್ಲಿ ಹೋಗೋಣ, ಬೇಗ ಮುಟ್ಟುತ್ತೇವೆ. ಭೀಮಣ್ಣ ಎದುರಿನ ರಸ್ತೆಯನ್ನು ನೋಡುತ್ತಲೇ ಹೇಳಿದರು:

"ಬಿದ್ದ ಕಾಟಾ ಇದ್ರ ಮಂದಿ ಹುಷಾರ್ ಇರ್ತಾರ್ರಿ ಸರ. ಸುಳ್ಳ ಕಾಟಾ ಇದ್ರ ನಂಬತಾರ. ನಿಮ್ಮ ಅವ್ವಾರಿಗಿ ನಾ ಏನೂ ಹೇಳಂಗಿಲ್ಲ. ಆದ್ರ ಇಂಥಾ ಕಾಟಾಕ್ಕ ನಾ ಸೀಲ್ ಹಾಕಂಗಿಲ್ಲ."

ಮನೆಗೆ ಬಂದಾಗ ಅವ್ವ ಕೊಟ್ಟ ಚಹಾ ಕುಡಿಯದೆ ಹೊರಟರು. ಕಾಟಾ ಸರಿ ಆಯಿತೇ ಎಂದು ಅವ್ವ ನನ್ನನ್ನು ಕೇಳಿದಳು. ಎದ್ದಿದೆ ಎಂದೆ. ಅದು ಸುಳ್ಳಲ್ಲ.

ಆ ದಿನದ ದಾರಿಯನ್ನು ನಾನು ಮರೆಯುವವನಲ್ಲ. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು, ಹತ್ತಿ ಒಡೆದಿತ್ತು. ಬೇರೆ ದಿನವಾಗಿದ್ದರೆ ನಿಲ್ಲಿಸಿ ಸ್ಕೆಚ್ ಮಾಡಿಕೊಳ್ಳುತ್ತಿದ್ದೆ. ಅವ್ವ ಬತ್ತಿ ಹೊಸೆಯುತ್ತಿದ್ದಳು. ಎಷ್ಟದ ಎಂದು ಕೇಳುತ್ತಿದ್ದಳು. ನಾನು ನಲವತ್ತದವ್ವ ಎನ್ನುತ್ತಿದ್ದೆ. ನಲವತ್ತೆಂದು ನಂಬಿ ಕೂತಿರುವ ಮುದುಕಿಯನ್ನು ಅರವತ್ತರಲ್ಲಿ ಒಯ್ಯುತ್ತಿದ್ದೇನೆ, ಒಂದು ಎಮ್ಮೆ ಅಡ್ಡ ಬಂದರೆ ಏನು ಗತಿ? ಅವಳೋ ತುಟಿ ಬಿಗಿದು, ಬತ್ತಿ ನೋಡಿಕೊಂಡು, ಆಗೊಮ್ಮೆ ಈಗೊಮ್ಮೆ ಹೊರಗೆ ಕಣ್ಣಾಡಿಸುತ್ತಿದ್ದಳು.

ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವ್ವ ಹೋಗಿ ಹಣೆಯ ಮೇಲೆ ಕೈಯಿಟ್ಟಳು. ದೊಡ್ಡವ್ವ ತಿರುಗಿ, ಬಹಳ ಹೊತ್ತು ನೋಡಿ, ಮೊದಲು ಆಡಿದ ಮಾತು, "ಇಷ್ಟ ಜಲ್ದಿ ಹೆಂಗ ಬಂದಿ?" ಮುಂಜಾನೆ ಹೊರಡುವಾಗ ಫೋನ್ ಮಾಡಿದ್ದೆವು, ಆಗಿನಿಂದ ಅವಳು ಮನಸ್ಸಿನಲ್ಲೇ ನಮ್ಮ ಜೊತೆ ದಾರಿ ನಡೆದಿದ್ದಳು. ಅವ್ವ ಒಮ್ಮೆ ನನ್ನ ಕಡೆ ನೋಡಿ, ಗಾಡಿಗೆ ಹೊಸ ಗೇರು ಹಾಕಿದ್ದಾರೆ ಎಂದಳು. ಹಾಲಿನಲ್ಲಿ ಅನ್ನ ಕಿವುಚಿ ತುತ್ತು ಮಾಡಿದಳು. ಎರಡು ದಿನ ಯಾರ ಕೈಯಿಂದಲೂ ಬಾಯಿ ತೆರೆಯದಿದ್ದ ದೊಡ್ಡವ್ವ ತಂಗಿಯ ಕೈಯಿಂದ ಐದು ತುತ್ತು ಉಂಡು, ಉಪ್ಪು ಕಡಿಮೆ ಎಂದು ಬೈದು, ನಿದ್ದೆ ಹೋದಳು. ಉಪ್ಪು ಕಡಿಮೆ ಎಂದದ್ದು ಕೇಳಿ ಮನೆಯವರೆಲ್ಲರ ಕಣ್ಣಲ್ಲಿ ನೀರು ಬಂತು.

ಹೊರಗಿನ ಕಟ್ಟೆಯ ಮೇಲೆ ಅವ್ವ ಉಳಿದ ಅರಳೆ ಬಿಚ್ಚಿಕೊಂಡು ಕೂತಳು. ನನಗೆ ತಡೆಯಲಾಗಲಿಲ್ಲ. ಕಾಟಾ ಸುಳ್ಳು, ನಲವತ್ತು ಎಂದಾಗಲೆಲ್ಲ ಅರವತ್ತಿತ್ತು ಎಂದು ಹೇಳಿಬಿಟ್ಟೆ.

"ಗೊತ್ತದ" ಎಂದಳು ಅವ್ವ, ತಲೆ ಎತ್ತದೆ. "ನಲವತ್ತರಾಗ ಒಂದ್ ಕಲ್ಲಿಗಿ ಐದು ಬತ್ತಿ ಆಗ್ತಾವ. ಇವತ್ತ ಮೂರೇ ಆಗಾಕತ್ತಿದ್ದವು. ಕೈ ಜೋರ ಮಾಡಿ ನೋಡಿದೆ, ಆದ್ರೂ ಆಗ್ಲಿಲ್ಲ."

ಮತ್ತೆ ಯಾಕೆ ಸುಮ್ಮನೆ ಕೂತೆ ಎಂದು ಕೇಳಿದೆ. ಅಕ್ಕನನ್ನು ನೋಡುವುದಿತ್ತಲ್ಲ ಎಂದಳು. ನಾನು ಎಂಬತ್ತರಲ್ಲಿ ಹೋಗಿದ್ದರೂ ಸುಮ್ಮನೇ ಇರುತ್ತಿದ್ದಳಂತೆ. ಒಂದು ಬತ್ತಿ ಮುಗಿಸಿ ಬೆರಳಿನಿಂದ ತುದಿ ಚೂಪು ಮಾಡಿದಳು. ಆಮೇಲೆ ನಗುತ್ತ, ನೀನೂ ನಿಮ್ಮಪ್ಪನ ಹಾಗೇ ಎಂದಳು.

"ನೀ ಹುಟ್ಟಿದ ದಿನ ಕಾಟಾ ಇಪ್ಪತ್ತರ ಮ್ಯಾಲ ಸಿಕ್ಕೊಂಡಿತ್ತು ತಮ್ಮಾ. ಗಿಡಾ ಹೆಂಗ ಓಡತಿದ್ದವು ಅಂತಿ! ನಿಮ್ಮಪ್ಪ ಇಪ್ಪತ್ತದ, ಅಂಜಬ್ಯಾಡ, ಇಪ್ಪತ್ತೇ ಅದ ಅನ್ಕೋತ ಹೊಡದ. ದವಾಖಾನಿ ಮುಂದ ಗಾಡಿ ನಿಂತು, ನೀ ಅತ್ತು, ನರ್ಸಮ್ಮ ನಿನ್ನ ಎತ್ಕೊಂಡ ಮ್ಯಾಲೂ ಕಾಟಾ ಇಪ್ಪತ್ತೇ ತೋರಸ್ತಿತ್ತು."

ನಾನು ಕಟ್ಟೆಯ ಮೇಲೆ ಕೂತೆ. ಐವತ್ತೆಂಟು ವರ್ಷ ಹೊತ್ತು ತಿರುಗಿದ ಒಂದು ಆಸ್ತಿ ಹೋದ ಹಾಗಾಯಿತು. ನಿಂತ ಗಾಡಿಯಲ್ಲಿ ಇಪ್ಪತ್ತು ತೋರಿಸಿದ ಮುಳ್ಳನ್ನು ನಂಬಿ ನಾನು ತಡವಾಗಿ ಎದ್ದೆ, ತಡವಾಗಿ ಉಂಡೆ, ತಡವಾಗಿ ಮದುವೆಯಾದೆ. ನಿಜ ನೋಡಿದರೆ ನಮ್ಮ ತಾಲೂಕಿನಲ್ಲಿ ಆ ವರ್ಷ ಅಷ್ಟು ವೇಗವಾಗಿ ಹುಟ್ಟಿದವನು ಇನ್ನೊಬ್ಬನಿರಲಿಲ್ಲ. ನಿನಗೆ ಗೊತ್ತಾಗಿತ್ತೆಂದು ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಂವಗ ನನಕಿಂತ ಹೆಚ್ಚು ಅಂಜಿಕಿ ಇತ್ತು. ನನಗ ಧೈರ್ಯ ಹೇಳ್ಕೋತ ತಾನೂ ತಗೊಳ್ಳಾಕತ್ತಿದ್ದ. ಹೇಳಿ ಏನ್ ಮಾಡ್ಲಿ? ಆಮ್ಯಾಲ ಕಾಟಾ ರಿಪೇರಿ ಆತು, ನನಗ ಕೇಳೋದು ರೂಢಿ ಆತು. ಅಂವ ಹೇಳತಿದ್ದ, ಕೇಳಾಕ ಛಲೋ ಅನಸ್ತಿತ್ತು."

ಅಪ್ಪ ಹೋಗುವ ತನಕ ಅವಳಿಗೆ ಗೊತ್ತಿತ್ತೆಂಬುದು ಅವನಿಗೆ ಗೊತ್ತಾಗಲಿಲ್ಲ. ಹಾಗಾದರೆ ಮೊನ್ನೆ ಕಾಟಾ ಬಿದ್ದಾಗ ಗಾಡಿ ಯಾಕೆ ತಿರುಗಿಸಲು ಹೇಳಿದೆ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಅವ್ವ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು.

"ಕಾಟಾ ಬಿದ್ರ ನಾ ಏನಂತ ಕೇಳ್ಲಿ? ನೀ ಏನಂತ ಹೇಳ್ತಿ?"

ಅಪ್ಪನ ನೆನಪು ನನಗೆ ಆಗಾಗ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ಬಂದ ಹಾಗೆ ಹಿಂದೆಂದೂ ಬಂದಿರಲಿಲ್ಲ.

ಅವ್ವ ಅಕ್ಕನ ಹತ್ತಿರ ಹದಿನೈದು ದಿನ ಉಳಿದಳು. ಅಷ್ಟರಲ್ಲಿ ಪಾಶಾ ಸರಿಯಾದ ಹಲ್ಲಿನ ಚಕ್ರ ತಂದು ಹಾಕಿದ. ಭೀಮಣ್ಣ ಮತ್ತೆ ವಾಚು ಹಿಡಿದು ಕೂತು ಆರು ಕಲ್ಲು ನೋಡಿದರು. ನನ್ನಿಂದ ಕೆಂಪು ಬಣ್ಣ ಅದ್ದಿದ ಬ್ರಶ್ಶೊಂದನ್ನು ಕೇಳಿ ಪಡೆದು, ಮೀಟರಿನ ಗಾಜಿನ ಮೂಲೆಗೆ ಸಣ್ಣದೊಂದು ಚುಕ್ಕೆ ಇಟ್ಟು, ಇದು ನನ್ನ ಸೀಲ್ ಎಂದರು. ಆ ದಿನ ಚಹಾ ಎರಡು ಸಲ ಕುಡಿದರು.

ಅವ್ವನನ್ನು ಕರೆತರಲು ಹೋದಾಗ ದೊಡ್ಡವ್ವ ಕೋಲು ಹಿಡಿದು ಹೊಸ್ತಿಲ ತನಕ ಬಂದಳು. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಮುಂದೆ ಮೇವು ತುಂಬಿದ ಟ್ರ್ಯಾಕ್ಟರ್ ಒಂದು ರಸ್ತೆಯ ತುಂಬ ಹೋಗುತ್ತಿತ್ತು. ನಾನು ಅದರ ಹಿಂದೆ ಬಿದ್ದೆ. ಅವ್ವನ ಮಡಿಲಲ್ಲಿ ಹೊಸ ಅರಳೆ ಇತ್ತು. ಕಾಟಾ ಅವಳ ಕಣ್ಣೆದುರಿಗೇ ಇತ್ತು.

"ಎಷ್ಟದ ತಮ್ಮಾ?"

"ಇಪ್ಪತ್ತದವ್ವ."

ಈ ಸಲ ನಿಜವಾಗಿಯೂ ಇಪ್ಪತ್ತೇ ಇತ್ತು. ಮುಂದೆ ರಸ್ತೆ ಅಗಲವಾಯಿತು, ಟ್ರ್ಯಾಕ್ಟರಿನವನು ಹೋಗ್ರಿ ಎಂದು ಕೈ ಬೀಸಿದ. ನಾನು ಹೋಗಲಿಲ್ಲ. ಅವ್ವನೂ ಹೋಗು ಎನ್ನಲಿಲ್ಲ. ಒಂದು ಕಲ್ಲು ದಾಟಿ ಮುಂದಿನದು ಬಂದಾಗ ಮಡಿಲಲ್ಲಿದ್ದ ಬತ್ತಿಗಳನ್ನು ಬೆರಳಿನಿಂದ ಸರಿಸಿ ಎಣಿಸಿ, ಹತ್ತು ಎಂದಳು.